ಬಿಟ್ ನಿಧಾನವಾದರೆ ಮೊದಲು ಕಾರಣ ಹುಡುಕಿ

ಎರಡು ಸಂಚಿಕೆಗಳ ಹಿಂದೆ ಒಬ್ಬ ಓದುಗರು ತೈಲಬಾವಿ ಹೇಗಿರುತ್ತದೆ ಎಂದು ಕೇಳಿದ್ದರು. ಉತ್ತರ ಬರೆಯುವಾಗ, ನಾನು 31 ವರ್ಷ ಬಾವಿ ಕೊರೆಯುವ ರಿಗ್‌ಗಳ ಮೇಲೆ ಕೆಲಸ ಮಾಡಿದವನು ಎಂದು ಒಂದು ಸಾಲು ಸೇರಿಸಿದ್ದೆ. ಮೊದಲು ಗುಜರಾತಿನ ಮೆಹ್ಸಾಣಾ, ಆಮೇಲೆ ಅಸ್ಸಾಮಿನ ಶಿವಸಾಗರ, ಕೊನೆಗೆ ಬಹಳ ವರ್ಷ ರಾಜಮಂಡ್ರಿ ಕಡೆಯ ಗೋದಾವರಿ ಸೀಮೆ. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ. ಬಹಳಷ್ಟು ಪತ್ರಗಳು ಕೇಳಿದ್ದು ಒಂದನ್ನೇ: ಇನ್ನೂ ಬೇಗ, ಇನ್ನೂ ಕಡಿಮೆ ಖರ್ಚಿನಲ್ಲಿ ಕೊರೆಯಲು ಆಗುವುದಿಲ್ಲವೇ? ನನ್ನ ನೌಕರಿಯೆಲ್ಲ ಈ ಪ್ರಶ್ನೆಯ ಜೊತೆಗೇ ಕಳೆದಿದೆ. ಅದಕ್ಕೇ ಈ ಸಲದ ಪುಟಗಳನ್ನೆಲ್ಲ ಇದಕ್ಕೆ ಕೊಡುತ್ತಿದ್ದೇನೆ.

ಪ್ರಶ್ನೆ: ನಮ್ಮ ಹೊಲಕ್ಕೆ ಬೋರ್‌ವೆಲ್ ಲಾರಿ ಬಂದು ಒಂದು ಹಗಲು, ಒಂದು ರಾತ್ರಿಯಲ್ಲಿ 1,200 ಅಡಿ ಕೊರೆದು ಹೋಯಿತು. ಅದೂ ಗಟ್ಟಿ ಕಲ್ಲಿನಲ್ಲಿ. ತೈಲಬಾವಿಗೆ ತಿಂಗಳುಗಟ್ಟಲೆ ಬೇಕು ಅಂತೀರಿ. ಅಷ್ಟು ದೊಡ್ಡ ಕಂಪನಿ, ಅಷ್ಟು ದೊಡ್ಡ ಮೆಷಿನ್ ಇದ್ದೂ ಯಾಕೆ ನಿಧಾನ?
– ಒಬ್ಬ ರೈತರು, ಚಿಂತಾಮಣಿ ತಾಲ್ಲೂಕು

ಉತ್ತರ: ಯಜಮಾನರೇ, ನಿಮ್ಮ ಬೋರ್‌ವೆಲ್ ಲಾರಿ ನಿಜವಾಗಿಯೂ ಚುರುಕು ಕೆಲಸಗಾರ. ಕಂಪ್ರೆಸರ್ ಗಾಳಿ ಪೈಪಿನೊಳಗೆ ಇಳಿದು ತಳದಲ್ಲಿರುವ ಹ್ಯಾಮರನ್ನು ಬಡಿಸುತ್ತದೆ. ಕಲ್ಲು ಪುಡಿಯಾಗುತ್ತದೆ. ಅದೇ ಗಾಳಿ ಪುಡಿಯನ್ನು ಮೇಲಕ್ಕೆ ಊದಿಕೊಂಡು ಬರುತ್ತದೆ. ನಿಮ್ಮ ಕಡೆಯ ಕಲ್ಲು ಗಟ್ಟಿ, ಕೊರೆದ ಗುಂಡಿ ತಾನಾಗಿಯೇ ನಿಲ್ಲುತ್ತದೆ. ಮೇಲಿನ ಸಡಿಲ ಮಣ್ಣಿಗೆ ಒಂದಿಷ್ಟು ಕೇಸಿಂಗ್ ಇಳಿಸಿದರೆ ಮುಗಿಯಿತು.

ತೈಲ ಇರುವ ಕಡೆ ಕಲ್ಲು ಹಾಗಿರುವುದಿಲ್ಲ. ಜೇಡಿ, ಮರಳುಗಲ್ಲು, ಸುಣ್ಣಕಲ್ಲು, ಹೀಗೆ ಪದರದ ಮೇಲೆ ಪದರ. ಕೆಲವು ಪದರ ನೀರು ಕುಡಿದು ಉಬ್ಬುತ್ತವೆ. ಕೆಲವು ಉದುರಿ ಪೈಪನ್ನೇ ಹಿಡಿದುಕೊಳ್ಳುತ್ತವೆ. ಅದಕ್ಕಿಂತ ದೊಡ್ಡ ವಿಷಯ ಒತ್ತಡ. ಆಳ 10 ಮೀಟರ್ ಹೆಚ್ಚಾದಂತೆಲ್ಲ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಏರುತ್ತದೆ. 3,000 ಮೀಟರ್ ಆಳದಲ್ಲಿ ಅದು 300 ಕಿಲೋ. ನಿಮ್ಮ ಕಾರಿನ ಚಕ್ರದಲ್ಲಿರುವ ಗಾಳಿ ಎರಡು ಕಿಲೋದ ಆಸುಪಾಸು ಅಂದರೆ ಲೆಕ್ಕ ಹಾಕಿ. ಅಲ್ಲಿ ಬರೀ ಗಾಳಿ ಊದಿ ಕೊರೆದರೆ, ಕಲ್ಲಿನೊಳಗಿನ ಗ್ಯಾಸು ಅದೇ ದಾರಿ ಹಿಡಿದು ಮೇಲೆ ಬಂದುಬಿಡುತ್ತದೆ.

ಅದಕ್ಕೇ ನಾವು ಗುಂಡಿಯ ತುಂಬ ಮಡ್ ತುಂಬಿಸಿ ಕೊರೆಯುತ್ತೇವೆ. ನೀರಿಗೆ ಬೆಂಟೊನೈಟ್ ಜೇಡಿ, ತೂಕ ಬರಲು ಬೆರೈಟ್ ಪುಡಿ, ಇನ್ನಷ್ಟು ರಾಸಾಯನಿಕ ಸೇರಿಸಿ ಕಲಸಿದ ಗಟ್ಟಿ ಅಂಬಲಿಯಂತಹ ದ್ರವ ಅದು. ಬೆರೈಟ್ ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ. ಅದರ ಬಹು ದೊಡ್ಡ ಗಣಿ ನಿಮಗೆ ತೀರಾ ದೂರವೇನಲ್ಲ, ಕಡಪ ಸೀಮೆಯ ಮಂಗಂಪೇಟೆಯಲ್ಲಿದೆ. ಈ ಮಡ್ಡಿನ ಭಾರವೇ ಒಳಗಿನ ಗ್ಯಾಸನ್ನು ತಡೆದು ನಿಲ್ಲಿಸುತ್ತದೆ, ಗುಂಡಿಯ ಗೋಡೆಗೆ ಆಸರೆ ಕೊಡುತ್ತದೆ, ಪೈಪಿನ ತುದಿಯಲ್ಲಿ ಕಲ್ಲು ಕಡಿಯುವ ಹಲ್ಲಿನ ಉಪಕರಣವನ್ನು, ಅಂದರೆ ಬಿಟ್ಟನ್ನು, ತಣ್ಣಗಿಡುತ್ತದೆ, ಕೊರೆದ ಚೂರುಗಳನ್ನು ಮೇಲೆ ತರುತ್ತದೆ. ಆದರೆ ಅದೇ ಭಾರ ಒಡೆದ ಚೂರನ್ನು ತಳಕ್ಕೇ ಅದುಮಿ ಹಿಡಿಯುತ್ತದೆ. ಮಡ್ ಭಾರವಾದಷ್ಟೂ ಕೊರೆತ ನಿಧಾನ. ಜೀವ ಉಳಿಸುವುದೂ ಅದೇ, ವೇಗ ಕುಗ್ಗಿಸುವುದೂ ಅದೇ.

ಇನ್ನೊಂದು ವಿಷಯ. ಬಾವಿಯಲ್ಲಿ ಬಿಟ್ ಕಲ್ಲು ಕಡಿಯುವ ಹೊತ್ತು ಒಟ್ಟು ಹೊತ್ತಿನ ಒಂದು ಭಾಗ ಮಾತ್ರ. ಇಷ್ಟು ಆಳ ಕೊರೆದೆವು ಅಂದರೆ ಕೇಸಿಂಗ್ ಇಳಿಸಬೇಕು. ಅದರ ಸುತ್ತ ಸಿಮೆಂಟ್ ತುಂಬಿಸಬೇಕು, ಅದು ಗಟ್ಟಿಯಾಗುವವರೆಗೆ ಕಾಯಬೇಕು, ಒತ್ತಡ ಹಾಕಿ ಪರೀಕ್ಷಿಸಬೇಕು, ಆಮೇಲೆ ಚಿಕ್ಕ ಬಿಟ್ ಹಾಕಿ ಮುಂದಿನ ಹಂತ ಶುರು ಮಾಡಬೇಕು. ನಡುವೆ ಬಿಟ್ ಸವೆದರೆ ಪೂರ್ತಿ ಪೈಪು ಹೊರಗೆ ತೆಗೆದು ಮತ್ತೆ ಇಳಿಸಬೇಕು. ಇದಕ್ಕೆ ನಾವು ಟ್ರಿಪ್ ಅನ್ನುತ್ತೇವೆ. 3,000 ಮೀಟರಿನಲ್ಲಿ ಒಂದು ಟ್ರಿಪ್ ಅಂದರೆ 18ರಿಂದ 20 ಗಂಟೆ. ಅಷ್ಟು ಹೊತ್ತೂ ಒಂದಡಿಯೂ ಮುಂದೆ ಹೋಗುವುದಿಲ್ಲ, ರಿಗ್ಗಿನ ಬಾಡಿಗೆ ಮಾತ್ರ ಓಡುತ್ತಿರುತ್ತದೆ. ಆಳ ಸಮುದ್ರದ ರಿಗ್ ಆದರೆ ಆ ಬಾಡಿಗೆ ದಿನಕ್ಕೆ ಲಕ್ಷಾಂತರ ಡಾಲರ್. ಒಂದು ಬಿಟ್ ಸವೆಯದಂತೆ ಉಳಿಸಿಕೊಂಡರೆ ಒಂದು ದಿನ ಉಳಿದಂತೆ. ಮುಂದಿನ ಉತ್ತರ ಓದುವಾಗ ಇದು ನೆನಪಿರಲಿ.

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಬಿಟ್ ಮೇಲೆ ಭಾರ ಜಾಸ್ತಿ ಹಾಕಿ, ಜೋರಾಗಿ ತಿರುಗಿಸಿದರೆ ಬೇಗ ಕೊರೆಯಬೇಕಲ್ವಾ? ಇದರಲ್ಲಿ ಸಂಶೋಧನೆ ಮಾಡಲು ಏನಿದೆ? ಪ್ರಾಜೆಕ್ಟಿಗೆ ಒಂದು ವಿಷಯ ಹುಡುಕುತ್ತಿದ್ದೇನೆ.
– ಒಬ್ಬ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಮ್ಮ ವಯಸ್ಸಿನಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು. ಅದನ್ನು ಬಿಡಿಸಿದ್ದು ಒಂದು ರಾತ್ರಿ ಪಾಳಿ.

ಗೋದಾವರಿ ಸೀಮೆಗೆ ಹೋಗಿ ಇನ್ನೂ ವರ್ಷ ಆಗಿರಲಿಲ್ಲ. ಸುತ್ತ ತೆಂಗಿನ ತೋಟ, ನಡುವೆ ನಮ್ಮ ರಿಗ್. ಗಂಟೆಗೆ 15 ಮೀಟರ್ ಕೊರೆಯುತ್ತಿದ್ದ ಬಿಟ್ ಇದ್ದಕ್ಕಿದ್ದಂತೆ ನಾಲ್ಕಕ್ಕೆ ಇಳಿಯಿತು. ಪಾಳಿಯ ಜವಾಬ್ದಾರಿ ನನ್ನದು. ಭಾರ ಹಾಕಿ ಎಂದೆ. ಡ್ರಿಲ್ಲರ್ ಎರಡು ಟನ್ ಹಾಕಿದರು. ವೇಗ ಮೂರಾಯಿತು. ಇನ್ನೂ ಎರಡು ಟನ್ ಹಾಕಿಸಿದೆ. ಎರಡೂವರೆಗೆ ಇಳಿಯಿತು. ಗಟ್ಟಿ ಕಲ್ಲು ಸಿಕ್ಕಿದೆ ಎಂದು ರಿಪೋರ್ಟಿನಲ್ಲಿ ಬರೆದೆ. ಬೆಳಗಿನ ಪಾಳಿಯವರೂ ಅದನ್ನೇ ನಂಬಿ ಮುಂದುವರಿಸಿದರು. ಕೊನೆಗೆ ಬಿಟ್ ಸವೆದಿದೆ ಎಂದು ತೀರ್ಮಾನಿಸಿ ಪೂರ್ತಿ ಪೈಪು ಹೊರಗೆ ತೆಗೆದೆವು.

ಬಿಟ್ ಮೇಲೆ ಬಂದಾಗ ಅದರ ಮುಖವೇ ಕಾಣುತ್ತಿರಲಿಲ್ಲ. ರೆಕ್ಕೆಗಳ ನಡುವಿನ ಸಂದಿಯಲ್ಲೆಲ್ಲ ಬೂದು ಬಣ್ಣದ ಜೇಡಿ, ರಾಗಿ ಮುದ್ದೆ ಒತ್ತಿ ತುಂಬಿದ ಹಾಗೆ. ಮಡ್ ಚಿಮ್ಮುವ ನಾಜಲ್ ಎರಡು ಮುಚ್ಚಿಹೋಗಿದ್ದವು. ಒಬ್ಬ ರಿಗ್‌ಮ್ಯಾನ್ ಚಾಕುವಿನಿಂದ ಆ ಜೇಡಿಯನ್ನು ಹೋಳು ಹೋಳಾಗಿ ಕೊಯ್ದು ತೆಗೆದ. ಒಳಗೆ ಬಿಟ್ಟಿನ ಹಲ್ಲುಗಳು ಹೊಸದರಂತೆ ಹೊಳೆಯುತ್ತಿದ್ದವು. ಒಂದೂ ಸವೆದಿರಲಿಲ್ಲ. ಗಟ್ಟಿ ಕಲ್ಲೂ ಇರಲಿಲ್ಲ, ಸವೆದ ಬಿಟ್ಟೂ ಇರಲಿಲ್ಲ.

ನಾನು ನವಲಗುಂದ ಸೀಮೆಯವನು. ಮಳೆಗಾಲದಲ್ಲಿ ಎರೆ ಹೊಲದಲ್ಲಿ ನಡೆದರೆ ಚಪ್ಪಲಿಗೆ ಮಣ್ಣು ಹೇಗೆ ಮೆತ್ತಿಕೊಳ್ಳುತ್ತದೆ ಎಂದು ಹುಟ್ಟಿದಾಗಿನಿಂದ ಬಲ್ಲೆ. ಜೋರಾಗಿ ಒತ್ತಿ ನಡೆದಷ್ಟೂ ಜಾಸ್ತಿ ಮೆತ್ತುತ್ತದೆ. ಅಲ್ಲಿ ಆಗಿದ್ದೂ ಅದೇ. ನಮ್ಮ ಭಾಷೆಯಲ್ಲಿ ಇದಕ್ಕೆ ಬಿಟ್ ಬಾಲಿಂಗ್ ಅನ್ನುತ್ತಾರೆ. ಭಾರ ಇಳಿಸಿ, ಬಿಟ್ಟನ್ನು ತಳದಿಂದ ಸ್ವಲ್ಪ ಎತ್ತಿ, ಪಂಪ್ ಜೋರು ಮಾಡಿ ತೊಳೆದಿದ್ದರೆ ಬಹುಶಃ ಅರ್ಧ ಗಂಟೆಯಲ್ಲಿ ಸರಿಹೋಗುತ್ತಿತ್ತು. ನಾನು ಎರಡು ಪಾಳಿ ಮತ್ತು ಒಂದು ಟ್ರಿಪ್ ಕಳೆದೆ.

ಈಗ ಇದಕ್ಕೆ ಪೂರ್ತಿ ಉಲ್ಟಾ ಇರುವ ಇನ್ನೊಂದು ತೊಂದರೆ ನೋಡಿ. ಬುಗುರಿ ಬೀಳುವ ಮುಂಚೆ ವಾಲಾಡುತ್ತದಲ್ಲ, ಹಾಗೆ ಬಿಟ್ ತನ್ನ ನಡುವನ್ನು ಬಿಟ್ಟು ಗುಂಡಿಯ ಗೋಡೆಗೆ ಬಡಿಯುತ್ತಾ ಸುತ್ತುತ್ತದೆ. ಇದು ವರ್ಲ್. ಇದಕ್ಕೆ ಭಾರ ಹೆಚ್ಚಿಸಿ ಸುತ್ತು ಕಡಿಮೆ ಮಾಡಿದರೆ ಬಿಟ್ ತಳಕ್ಕೆ ಕಚ್ಚಿಕೊಂಡು ಸುಮ್ಮನಾಗುತ್ತದೆ. ಮೂರನೆಯದು ಸ್ಟಿಕ್-ಸ್ಲಿಪ್. ಹಳೇ ಬೀಸುಕಲ್ಲು ತಿರುಗಿಸಿದವರಿಗೆ ಗೊತ್ತು, ಕಲ್ಲು ಒಂದು ಕಡೆ ಕಚ್ಚಿ ನಿಂತು ಆಮೇಲೆ ಜರ್ ಎಂದು ಜಾರುತ್ತದೆ. ಬಿಟ್ಟೂ ಹಾಗೆ ನಿಲ್ಲುತ್ತದೆ, ಪೈಪು ಮೇಲಿನಿಂದ ಹುರಿಗೊಳ್ಳುತ್ತಾ ಹೋಗುತ್ತದೆ, ಕೊನೆಗೆ ಬಿಟ್ ಬಿಟ್ಟುಕೊಂಡು ಗಿರ್ರನೆ ತಿರುಗುತ್ತದೆ. ಇದಕ್ಕೆ ಭಾರ ಇಳಿಸಿ ಸುತ್ತು ಹೆಚ್ಚಿಸಬೇಕು. ಮೂರರಲ್ಲೂ ಮೇಲೆ ಕಾಣುವುದು ಒಂದೇ: ವೇಗ ಕಡಿಮೆ. ಮದ್ದು ಮಾತ್ರ ಬೇರೆ ಬೇರೆ. ಡ್ರಿಲ್ಲರ್ ಪಾಡು ಯೋಚಿಸಿ. 3,000 ಮೀಟರ್ ಉದ್ದದ, ಐದಿಂಚಿನ ಪೈಪು ಅಂದರೆ ಒಂದು ಮಿಲಿಮೀಟರ್ ದಪ್ಪದ ಶ್ಯಾವಿಗೆ ಎಳೆ ಸುಮಾರು 24 ಮೀಟರ್ ಉದ್ದ ಇದ್ದ ಹಾಗೆ. ಅದರ ತುದಿಯಲ್ಲಿ ಏನಾಗುತ್ತಿದೆ ಎಂದು ಮೇಲೆ ಕೂತು ಹೇಳಬೇಕು.

ಸಂಶೋಧನೆ ಬೇಕಾಗುವುದು ಇಲ್ಲಿ. 1965ರಲ್ಲಿ ಟೀಲ್ ಎಂಬ ಸಂಶೋಧಕ ಒಂದು ಸರಳ ಪ್ರಶ್ನೆ ಎತ್ತಿದ: ಇಷ್ಟು ಗಾತ್ರದ ಕಲ್ಲು ಕಡಿಯಲು ನಾವು ಎಷ್ಟು ಶಕ್ತಿ ಸುರಿಯುತ್ತಿದ್ದೇವೆ? ಭಾರದಿಂದ ಬರುವ ಕೆಲಸ, ತಿರುಗಿಸುವುದರಿಂದ ಬರುವ ಕೆಲಸ, ಎರಡನ್ನೂ ಕೂಡಿಸಿ ಕಡಿದ ಕಲ್ಲಿನ ಗಾತ್ರದಿಂದ ಭಾಗಿಸಿದ. ಇದೇ ಮೆಕ್ಯಾನಿಕಲ್ ಸ್ಪೆಸಿಫಿಕ್ ಎನರ್ಜಿ, ಚಿಕ್ಕದಾಗಿ ಎಂಎಸ್‌ಇ. ಬಿಟ್ ಅತ್ಯಂತ ಚೆನ್ನಾಗಿ ಕೊರೆಯುವಾಗ ಈ ಸಂಖ್ಯೆ ಕಲ್ಲಿನ ಬಲದ ಹತ್ತಿರಕ್ಕೆ ಬರುತ್ತದೆ ಎಂದು ಅವನು ಕಂಡುಕೊಂಡ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ನೀವೂ ಕಾಗದ ತೆಗೆದುಕೊಳ್ಳಿ. ಎಂಟೂವರೆ ಇಂಚಿನ ಬಿಟ್. ಅದರ ಮೇಲೆ 20,000 ಪೌಂಡ್ ಭಾರ, ಅಂದರೆ ಒಂಬತ್ತು ಟನ್. ನಿಮಿಷಕ್ಕೆ 120 ಸುತ್ತು. ಟಾರ್ಕ್, ಅಂದರೆ ತಿರುಗಿಸುವ ಬಲ, 4,000 ಅಡಿ-ಪೌಂಡ್. ವೇಗ ಗಂಟೆಗೆ 60 ಅಡಿ. ಭಾರದ ಪಾಲು ಚದರ ಇಂಚಿಗೆ ಸುಮಾರು 350 ಪೌಂಡ್. ತಿರುಗಿಸುವ ಪಾಲು ಸುಮಾರು 53,000! ಅಂದರೆ ಶಕ್ತಿಯೆಲ್ಲ ಹೋಗುವುದು ತಿರುಗಿಸಲು. ಭಾರದ ಕೆಲಸ ಹಲ್ಲನ್ನು ಕಲ್ಲಿನೊಳಗೆ ಕೂರಿಸುವುದು, ಅಷ್ಟೇ. ಎಷ್ಟು ಕೂರಿಸುತ್ತದೆ ಗೊತ್ತೇ? ಈ ಲೆಕ್ಕದಲ್ಲಿ ಒಂದು ಸುತ್ತಿಗೆ ಬಿಟ್ ಇಳಿಯುವುದು ಎರಡೂವರೆ ಮಿಲಿಮೀಟರ್.

ಈಗ ಭಾರವನ್ನು 30,000 ಪೌಂಡಿಗೆ ಏರಿಸಿದೆವು ಅಂದುಕೊಳ್ಳಿ. ಟಾರ್ಕ್ 6,000ಕ್ಕೆ ಏರಿತು. ವೇಗ 120 ಅಡಿಗೆ ಹೋಯಿತು. ಮತ್ತೆ ಲೆಕ್ಕ ಹಾಕಿದರೆ ಎಂಎಸ್‌ಇ 40,000ದ ಆಸುಪಾಸಿಗೆ ಇಳಿದಿದೆ. ಭಾರ ಒಂದೂವರೆ ಪಟ್ಟಾದರೆ ವೇಗ ಎರಡು ಪಟ್ಟಾಗಿದೆ. ಅಂದರೆ ಮೊದಲು ಬಿಟ್ ವಾಲಾಡುತ್ತಾ ಶಕ್ತಿ ಪೋಲು ಮಾಡುತ್ತಿತ್ತು, ಈಗ ನೆಟ್ಟಗೆ ಕೂತಿದೆ. ಇನ್ನೂ ಭಾರ ಹಾಕಿ ನೋಡಬಹುದು. ಅದರ ಬದಲು ಭಾರ ಹಾಕಿದಾಗ ಎಂಎಸ್‌ಇ 80,000ಕ್ಕೆ ಹಾರಿದ್ದರೆ? ನನ್ನ ಆ ರಾತ್ರಿಯ ಕಥೆ ಅದು. ಎಂಎಸ್‌ಇ ಏರಿಳಿತ ತೋರಿಸುವ ಒಂದು ಗೆರೆ ಅವತ್ತು ನನ್ನ ಕಣ್ಣ ಮುಂದೆ ಇದ್ದಿದ್ದರೆ, ಎರಡನೇ ಸಲ ಭಾರ ಹಾಕಿಸುತ್ತಲೇ ಇರಲಿಲ್ಲ.

ವಿಚಿತ್ರ ಅಂದರೆ, ಟೀಲ್ ಹೇಳಿದ್ದು 40 ವರ್ಷ ಹೆಚ್ಚುಕಡಿಮೆ ಪುಸ್ತಕದಲ್ಲೇ ಉಳಿಯಿತು. ಪರೀಕ್ಷೆಗೆ ಓದಿದ ನೆನಪು ಬಿಟ್ಟರೆ ನಾನೂ ಅದನ್ನು ಬಳಸಲಿಲ್ಲ. ಎಕ್ಸಾನ್‌ಮೊಬಿಲ್‌ನಲ್ಲಿದ್ದ ಫ್ರೆಡ್ ಡುಪ್ರೀಸ್ಟ್ ಮತ್ತು ಅವರ ಜೊತೆಗಾರರು ಅದನ್ನು ರಿಗ್ಗಿಗೆ ತಂದರು. ಅವರು 2005ರಲ್ಲಿ ಪ್ರಕಟಿಸಿದ ವಿಧಾನ ಹೀಗಿದೆ: ಎಂಎಸ್‌ಇ ಗೆರೆಯನ್ನು ಡ್ರಿಲ್ಲರ್ ಮುಂದಿನ ಪರದೆಯಲ್ಲೇ ತೋರಿಸಿ. ಭಾರವನ್ನು ಹಂತ ಹಂತವಾಗಿ ಏರಿಸುತ್ತಾ ಹೋಗಲಿ. ಗೆರೆ ಎಲ್ಲಿ ಮೇಲೇಳುತ್ತದೋ ಅಲ್ಲಿ ಏನೋ ಒಂದು ಅಡ್ಡ ಬಂದಿದೆ. ಆ ಅಡ್ಡಿ ಯಾವುದು ಎಂದು ಪತ್ತೆ ಮಾಡಿ, ಅದನ್ನು ಸರಿಪಡಿಸಿ, ಮತ್ತೆ ಏರಿಸಿ, ಮುಂದಿನ ಅಡ್ಡಿ ಸಿಗುತ್ತದೆ. ಬಿಟ್ ಸರಿಯಾಗಿ ಕೊರೆಯುವಾಗಲೂ ಸುರಿದ ಶಕ್ತಿಯಲ್ಲಿ ಕಲ್ಲಿಗೆ ಮುಟ್ಟುವುದು ಸುಮಾರು 30ರಿಂದ 40 ಪ್ರತಿಶತ ಎಂದು ಅವರ ಅನುಭವ. ಉಳಿದದ್ದು ಬಿಸಿಯಾಗಿ, ನಡುಕವಾಗಿ, ಸವೆತವಾಗಿ ಹೋಗುತ್ತದೆ. ಈ ಕೆಲಸದ ಬಗ್ಗೆ ನನಗಿರುವ ಗೌರವ ಹೇಳತೀರದು. ಹೊಸ ಮೆಷಿನ್ ಬೇಕಿಲ್ಲ, ಹೊಸ ಲೋಹ ಬೇಕಿಲ್ಲ. ರಿಗ್ಗಿನ ಮೇಲೆ ಮೊದಲಿನಿಂದ ಇದ್ದ ನಾಲ್ಕು ಮೀಟರುಗಳ ಲೆಕ್ಕ ಸಾಕು.

ಬಿಟ್ಟಿನ ಕಡೆಯಿಂದಲೂ ಎರಡು ಮಾತು. ಹೋವರ್ಡ್ ಹ್ಯೂಸ್ ಸೀನಿಯರ್ 1909ರಲ್ಲಿ ಪೇಟೆಂಟ್ ಪಡೆದ ಉರುಳುವ ಶಂಕುಗಳ ಬಿಟ್ ಕಲ್ಲನ್ನು ಕುಟ್ಟುತ್ತದೆ. 1970ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ತಂದ ಪಿಡಿಸಿ ಹಲ್ಲು ಕಲ್ಲನ್ನು ತುರಿಯುತ್ತದೆ, ಕೊಬ್ಬರಿ ತುರಿದ ಹಾಗೆ. ಎಂಟಾಣೆ ನಾಣ್ಯದಷ್ಟು ಅಗಲ ಇರುವ ಈ ಹಲ್ಲಿನ ಮೇಲ್ಭಾಗದಲ್ಲಿ ಕೃತಕ ವಜ್ರದ ಪುಡಿಯನ್ನು ವಿಪರೀತ ಬಿಸಿ ಮತ್ತು ಒತ್ತಡದಲ್ಲಿ ಬೆಸೆದಿರುತ್ತಾರೆ, ಕೆಳಗೆ ಟಂಗ್‌ಸ್ಟನ್ ಕಾರ್ಬೈಡ್. ವಜ್ರದ ಕಣಗಳನ್ನು ಬೆಸೆಯಲು ಬಳಸಿದ ಕೋಬಾಲ್ಟ್ ಒಳಗೇ ಉಳಿಯುತ್ತದೆ. ಬಿಸಿಯಾದಾಗ ಅದು ವಜ್ರಕ್ಕಿಂತ ಜಾಸ್ತಿ ಹಿಗ್ಗಿ ಹಲ್ಲನ್ನು ಒಳಗಿನಿಂದಲೇ ಒಡೆಯುತ್ತದೆ. ಸಂಶೋಧಕರು ಆಮ್ಲ ಹಾಕಿ ಮೇಲ್ಪದರದ ಕೋಬಾಲ್ಟ್ ತೊಳೆದು ತೆಗೆದರು. ಹಲ್ಲಿನ ಬಾಳಿಕೆ ಹೆಚ್ಚಿತು. ಹೊರಗೆ ಬಂದ ಬಿಟ್ ಕೈಗೆ ಸಿಕ್ಕರೆ ಹಲ್ಲುಗಳನ್ನು ಉಗುರಿನಿಂದ ಸವರಿ ನೋಡಿ. ಅಂಚು ಸಮವಾಗಿ ಸವೆದು ನುಣ್ಣಗಿದ್ದರೆ ಅದು ದುಡಿದು ಸವೆದಿದೆ. ಬಿಟ್ಟಿನ ಭುಜದ, ಅಂದರೆ ಹೊರ ಅಂಚಿನ ಕಡೆಯ ಹಲ್ಲುಗಳು ಚಕ್ಕೆ ಎದ್ದು ಉಗುರಿಗೆ ತಗುಲಿದರೆ ವಾಲಾಡಿ ಹೊಡೆತ ತಿಂದಿದೆ.

ನಿಮ್ಮ ಪ್ರಾಜೆಕ್ಟಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಪ್ರಶ್ನೆ: ಕರ್ನಾಟಕದಲ್ಲಿ ಯಾಕೆ ತೈಲ ಸಿಗುವುದಿಲ್ಲ? ಆಳವಾಗಿ ಕೊರೆದರೆ ಸಿಗಬಹುದಾ?
– ಪಿಯು ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಆಳದ ಪ್ರಶ್ನೆ ಇದಲ್ಲ, ಪುಟ್ಟೀ. ತೈಲ ಆಗಬೇಕಾದರೆ ಹಳೆಯ ಕಡಲ ತಳದಲ್ಲಿ ಸತ್ತ ಸಣ್ಣ ಜೀವಿಗಳು ಕೆಸರಿನ ಜೊತೆ ಹೂತು, ಹದವಾದ ಬಿಸಿಯಲ್ಲಿ ಬಹಳ ಕಾಲ ಬೇಯಬೇಕು. ನಮ್ಮ ರಾಜ್ಯದ ಹೆಚ್ಚಿನ ಭಾಗ 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು. ಅದು ಎಷ್ಟೋ ಸಲ ಕಾದು ಕರಗಿ ಮಡಚಿಕೊಂಡಿದೆ. ಆಳಕ್ಕೆ ಹೋದಷ್ಟೂ ಅದೇ ಕಲ್ಲು. ನಿಮ್ಮ ಭೀಮಾ ತೀರದ ಸುಣ್ಣಕಲ್ಲು ಪದರಗಲ್ಲೇ ಆದರೂ ತೀರಾ ಹಳೆಯದು. ಕಚ್ಚಾ ತೈಲವನ್ನು ಕೂಡಿಡಲು ಮಾತ್ರ ನಮ್ಮ ಕಲ್ಲು ಬಹಳ ಒಳ್ಳೆಯದು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಗುಹೆಗಳನ್ನು ಕಲ್ಲಿನೊಳಗೆ ಕೊರೆದು, ದೇಶದ ತುರ್ತು ದಾಸ್ತಾನು ಇಡುತ್ತಿದ್ದಾರೆ.

ಪ್ರಶ್ನೆ: ನನ್ನ ಮಗ ಡಿಪ್ಲೊಮಾ ಮುಗಿಸಿ ಕಾಕಿನಾಡ ಕಡೆ ರಿಗ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಫೋನ್ ಮಾಡಿದಾಗಲೆಲ್ಲ “ಬೇಗ ಮುಗಿಸಬೇಕು ಅಮ್ಮಾ, ಟಾರ್ಗೆಟ್ ಇದೆ” ಅನ್ನುತ್ತಾನೆ. ಬೇಗ ಬೇಗ ಅಂದಷ್ಟೂ ಅಪಾಯ ಜಾಸ್ತಿ ಅಲ್ವಾ? ರಾತ್ರಿ ನಿದ್ದೆ ಬರುವುದಿಲ್ಲ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಅಮ್ಮನೂ ಹೀಗೇ ಕಾದಿದ್ದಳು, ಆಗ ಮನೆಯಲ್ಲಿ ಫೋನೂ ಇರಲಿಲ್ಲ. ಸುಮ್ನೆ ಸಮಾಧಾನ ಹೇಳಲಾರೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಬೇಗ ಎನ್ನುವುದರಲ್ಲಿ ಎರಡು ಥರ ಇದೆ. ಬಿಟ್ ಕಲ್ಲು ಕಡಿಯುವುದನ್ನು ಚುರುಕು ಮಾಡುವುದು ಒಂದು. ಮೇಲೆ ಬರೆದ ಸಂಶೋಧನೆಯೆಲ್ಲ ಅದರದ್ದು, ಅದರಿಂದ ಜೀವಕ್ಕೆ ಅಪಾಯ ಹೆಚ್ಚುವುದಿಲ್ಲ. ಎಷ್ಟೋ ಸಲ ಕಡಿಮೆಯಾಗುತ್ತದೆ. ಟ್ರಿಪ್ ಕಡಿಮೆಯಾದರೆ ಹುಡುಗರು ಭಾರದ ಪೈಪಿನ ಜೊತೆ ಗುದ್ದಾಡುವ ಹೊತ್ತು ಕಡಿಮೆ. ನಾನು ಸೇರಿದಾಗ ಪೈಪಿಗೆ ಪೈಪು ಜೋಡಿಸಲು ಸರಪಳಿ ಸುತ್ತಿ ಎಸೆಯುತ್ತಿದ್ದೆವು. ಅದರಲ್ಲಿ ಬೆರಳು ಕಳೆದುಕೊಂಡವರು ನನ್ನ ಜೊತೆ ಊಟ ಮಾಡಿದ್ದಾರೆ. ಈಗ ಎಷ್ಟೋ ರಿಗ್‌ಗಳಲ್ಲಿ ಆ ಕೆಲಸವನ್ನು ಯಂತ್ರವೇ ಮಾಡುತ್ತದೆ, ಹುಡುಗರು ದೂರ ನಿಂತಿರುತ್ತಾರೆ. ಕೆಲಸವೂ ಬೇಗ, ಕೈಯೂ ಭದ್ರ.

ಎರಡನೇ ಥರ, ಪರೀಕ್ಷೆಗಳನ್ನು ಹಾರಿಸುವುದು. ಕೊಲ್ಲುವುದು ಇದು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿ ಸಿಡಿದು 11 ಜನ ಸತ್ತರು. ಸಮಯ ಮತ್ತು ಹಣ ಉಳಿಸಲು ತೆಗೆದುಕೊಂಡ ಹಲವು ತೀರ್ಮಾನಗಳು ಅಪಾಯವನ್ನು ಹೆಚ್ಚಿಸಿದ್ದವು ಎಂದು ಆಮೇಲೆ ತನಿಖೆ ಮಾಡಿದವರು ಬರೆದರು. ಬಾವಿ ಭದ್ರವಾಗಿದೆಯೇ ಎಂದು ನೋಡುವ ಪರೀಕ್ಷೆಯ ಫಲಿತಾಂಶ ಸರಿಯಿಲ್ಲದಿದ್ದರೂ ಸರಿಯಿದೆ ಎಂದುಕೊಂಡು ಮುಂದೆ ಹೋಗಿದ್ದರು. ನಮ್ಮ ಗೋದಾವರಿ ಸೀಮೆಯ ಪಾಸರ್ಲಪೂಡಿಯಲ್ಲಿ 1995ರ ಜನವರಿಯಲ್ಲಿ ಎದ್ದ ಬೆಂಕಿ ಎರಡು ತಿಂಗಳಿಗೂ ಹೆಚ್ಚು ಉರಿಯಿತು. ಆ ಸೀಮೆಯಲ್ಲಿ ಕೆಲಸ ಮಾಡಿದ ಯಾರೂ ಅದನ್ನು ಮರೆಯುವುದಿಲ್ಲ.

ಆದ್ದರಿಂದ ಮುಂದಿನ ಸಲ ಮಗ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಇವನ್ನೂ ಕೇಳಿ. ಅನುಮಾನ ಬಂದಾಗ ಪಂಪ್ ನಿಲ್ಲಿಸಿ ಫ್ಲೋ ಚೆಕ್ ಮಾಡ್ತೀರೇನಪ್ಪಾ? ಅಂದರೆ ಪಂಪ್ ನಿಂತ ಮೇಲೂ ಬಾವಿಯಿಂದ ಮಡ್ ಬರುತ್ತಿದೆಯೇ ಎಂದು ಕಾದು ನೋಡುವುದು. ಹೆಚ್ಚೆಂದರೆ ಕಾಲು ಗಂಟೆ ಕೆಲಸ. ತುರ್ತಿನಲ್ಲಿ ಬಾವಿ ಮುಚ್ಚುವ ಅಭ್ಯಾಸ ಕಳೆದ ಸಲ ಯಾವತ್ತು ಮಾಡಿದಿರಿ? ಏನೋ ಸರಿಯಿಲ್ಲ ಅನ್ನಿಸಿದರೆ ನಿನ್ನಂಥ ಹೊಸ ಹುಡುಗ ಕೆಲಸ ನಿಲ್ಲಿಸಿ ಅನ್ನಬಹುದಾ, ಅಂದರೆ ಬೈಯ್ತಾರಾ? ಮೊದಲ ಎರಡಕ್ಕೆ ಅವನು ತಡವರಿಸದೆ ಉತ್ತರ ಕೊಟ್ಟು, ಮೂರನೆಯದಕ್ಕೆ “ಬೈಯೋದಿಲ್ಲಮ್ಮಾ” ಅಂದರೆ, ಅದು ಒಳ್ಳೆಯ ರಿಗ್. ಇಲ್ಲವಾದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಬೇರೆ ಕಡೆ ಕೆಲಸ ಹುಡುಕಲು ನನ್ನ ಕೈಲಾದ ದಾರಿ ತೋರಿಸುತ್ತೇನೆ.

ಪ್ರಶ್ನೆ: ಯೂಟಾ ರಾಜ್ಯದಲ್ಲಿ ಭೂಮಿಯ ಬಿಸಿಯಿಂದ ಕರೆಂಟ್ ತೆಗೆಯಲು ಗ್ರಾನೈಟಿನಲ್ಲಿ ಬಾವಿ ಕೊರೆಯುತ್ತಿದ್ದಾರೆ. ತೈಲದವರ ವಿದ್ಯೆ ಅಲ್ಲಿಗೂ ಹೋಗಿದೆಯಂತೆ, ನಿಜವೇ? ಎಐ ಬಂದ ಮೇಲೆ ಡ್ರಿಲ್ಲರ್ ಬೇಕಾಗುತ್ತಾರಾ?
– ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಹ್ಯೂಸ್ಟನ್

ಉತ್ತರ: ನಿಜ. ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ ಅದು. ಯೂಟಾದ ಮಿಲ್ಫರ್ಡ್ ಹತ್ತಿರ ಅಮೆರಿಕದ ಇಂಧನ ಇಲಾಖೆಯ ಹಣದಲ್ಲಿ ಫೋರ್ಜ್ ಎಂಬ ಸಂಶೋಧನಾ ತಾಣ ಇದೆ. ಅಲ್ಲಿ 200 ಡಿಗ್ರಿಗೂ ಹೆಚ್ಚು ಬಿಸಿ ಇರುವ ಗ್ರಾನೈಟಿನೊಳಗೆ 2020ರ ಕೊನೆಯಿಂದ 2021ರ ಮೊದಲ ಭಾಗದವರೆಗೆ ಸುಮಾರು 11,000 ಅಡಿ ಉದ್ದದ, ಓರೆಯಾದ ಬಾವಿ ಕೊರೆದರು. ಆ ಹೊತ್ತಿಗೆ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಅದೇ ಡುಪ್ರೀಸ್ಟ್, ಮತ್ತು ಅಲ್ಲಿನ ಪ್ರೊಫೆಸರ್ ಸ್ಯಾಮ್ ನಾಯ್ನಾರ್ಟ್, ರಿಗ್ಗಿನವರಿಗೆ ಎಂಎಸ್‌ಇ ನೋಡಿ ಕೊರೆಯುವುದನ್ನು ಕಲಿಸಿದರು. ಅಂಥ ಕಲ್ಲಿಗೆ ಕುಟ್ಟುವ ಬಿಟ್ಟೇ ಸರಿ ಎಂದು ಎಲ್ಲರೂ ನಂಬಿದ್ದ ಕಾಲ. ಇವರು ತುರಿಯುವ ಪಿಡಿಸಿ ಬಿಟ್ ಹಾಕಿ ಗೆದ್ದರು. ಪಕ್ಕದಲ್ಲೇ ಫರ್ವೊ ಎನರ್ಜಿ ಎಂಬ ಕಂಪನಿ 2025ರಲ್ಲಿ 15,700 ಅಡಿಗೂ ಆಳದ ಬಾವಿಯನ್ನು 16 ದಿನಗಳ ಕೊರೆತದಲ್ಲಿ ಮುಗಿಸಿದ್ದಾಗಿ ಪ್ರಕಟಿಸಿದೆ. ಹೊಗೆಯಿಲ್ಲದ ಕರೆಂಟಿಗೆ ನಮ್ಮ ಎಣ್ಣೆಬಾವಿಯ ವಿದ್ಯೆ ಕೈಜೋಡಿಸಿದೆಯಲ್ಲ, ಅದು ನನಗೆ ದೊಡ್ಡದು.

ಎಐ ವಿಷಯ. ನಿಮ್ಮ ಕ್ಷೇತ್ರದವರು ಮೊದಲು ತಿಳಿಯಬೇಕಾದ್ದು ಡೇಟಾ ಎಲ್ಲಿಂದ ಬರುತ್ತದೆ ಎನ್ನುವುದನ್ನು. ಬಿಟ್ಟಿನ ಹಿಂದೆ ಕೂತ ಯಂತ್ರ ತನ್ನ ಅಳತೆಗಳನ್ನು ಮಡ್ಡಿನಲ್ಲಿ ಸಣ್ಣ ಸಣ್ಣ ಒತ್ತಡದ ಮಿಡಿತಗಳಾಗಿ ಮೇಲೆ ಕಳಿಸುತ್ತದೆ. ನಾಡಿ ಹಿಡಿದು ನೋಡುವ ಹಾಗೆ ಮೇಲೆ ಅದನ್ನು ಓದಬೇಕು. ಕಂಪ್ಯೂಟರ್ ಭಾಷೆಯಲ್ಲಿ ಸೆಕೆಂಡಿಗೆ 10 ಬಿಟ್ (ಇದು ಮಾಹಿತಿಯ ಬಿಟ್, ಕೊರೆಯುವ ಬಿಟ್ ಅಲ್ಲ) ಬಂದರೆ, ನಿಮ್ಮ ಮೊಬೈಲಿನ 100 ಕೆಬಿ ಫೋಟೊ ಒಂದು ಮೇಲೆ ಬರಲು 22 ಗಂಟೆ ಬೇಕು. ಪೈಪಿನೊಳಗೇ ತಂತಿ ಕೂರಿಸಿದ ಹೊಸ ಪೈಪುಗಳಲ್ಲಿ ಸೆಕೆಂಡಿಗೆ 57,600 ಬಿಟ್ ಬರುತ್ತದೆ, ಅದೇ ಫೋಟೊಗೆ 14 ಸೆಕೆಂಡು. ಆದರೆ ಅಂಥ ಪೈಪು ದುಬಾರಿ, ಎಲ್ಲ ಕಡೆ ಇಲ್ಲ. ತಳದ ಸುದ್ದಿ ಸರಿಯಾಗಿ ಮೇಲೆ ಬಾರದಿದ್ದರೆ ಎಂಥ ಜಾಣ ಪ್ರೋಗ್ರಾಮೂ ನನ್ನ ಆ ರಾತ್ರಿಯ ತಪ್ಪನ್ನೇ ಮಾಡುತ್ತದೆ, ಇನ್ನೂ ಬೇಗ ಮಾಡುತ್ತದೆ. ಭಾರ, ಸುತ್ತು ಹೊಂದಿಸುವ ಕೆಲಸವನ್ನು ಕಂಪ್ಯೂಟರಿಗೆ ಕೊಡಬಹುದು, ಕೊಡುತ್ತಿದ್ದಾರೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ಶೇಲ್ ಶೇಕರ್ ಜರಡಿಯ ಮೇಲೆ ಬರುವ ಚೂರುಗಳನ್ನು ಅಂಗೈಯಲ್ಲಿ ಹಿಡಿದು, ಇವು ಬಿಟ್ ಕಡಿದ ಚೂರೋ ಅಥವಾ ಗೋಡೆಯಿಂದ ಉದುರಿದ ಚಕ್ಕೆಯೋ ಎಂದು ನೋಡುವ ಮನುಷ್ಯ ನನಗಂತೂ ಇನ್ನೂ ಬಹಳ ವರ್ಷ ಬೇಕು.

ಈಗ ಹುಬ್ಬಳ್ಳಿಯ ವಿದ್ಯಾರ್ಥಿಗೆ. ಈ ದಾರಿಯಲ್ಲೇ ಮುಂದೆ ಓದಬೇಕೆಂದರೆ ಧನಬಾದ್‌ನ ಐಐಟಿ ಐಎಸ್‌ಎಂ ಇದೆ, ಅಮೇಠಿ ಜಿಲ್ಲೆಯ ಜಾಯಸ್‌ನಲ್ಲಿ ರಾಜೀವ್ ಗಾಂಧಿ ಪೆಟ್ರೋಲಿಯಂ ಸಂಸ್ಥೆ ಇದೆ. ಡೆಹರಾಡೂನ್‌ನಲ್ಲಿ ಕೊರೆತದ ತಂತ್ರಕ್ಕೆಂದೇ ಒಎನ್‌ಜಿಸಿಯ ಸಂಸ್ಥೆಯೊಂದಿದೆ. ಆದರೆ ಪ್ರಾಜೆಕ್ಟಿಗೆ ಅಷ್ಟು ದೂರ ಹೋಗಬೇಕಿಲ್ಲ. ನಿಮ್ಮ ಕಾಲೇಜಿನ ವರ್ಕ್‌ಶಾಪಿನ ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಮೆಷಿನ್ ಸಾಕು. ಒಂದೇ ಭಟ್ಟಿಯ ಹತ್ತಾರು ಇಟ್ಟಿಗೆ, ಕಲ್ಲು ಕೊರೆಯುವ 10 ಮಿಲಿಮೀಟರ್ ಬಿಟ್, ಒಂದು ವಿದ್ಯುತ್ ಮೀಟರ್ ಹೊಂದಿಸಿಕೊಳ್ಳಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ.

ಮೆಷಿನ್ ಹಿಡಿಕೆಗೆ 2 ಕಿಲೋ ತೂಗುಹಾಕಿ. 50 ಮಿಲಿಮೀಟರ್ ಆಳಕ್ಕೆ ಎಷ್ಟು ಸೆಕೆಂಡು ಹಿಡಿಯಿತು, ಎಷ್ಟು ವ್ಯಾಟ್ ಎಳೆಯಿತು, ಬರೆದುಕೊಳ್ಳಿ. ಮೆಷಿನ್ ಸುಮ್ಮನೆ ತಿರುಗುವಾಗ ಎಳೆಯುವ ವ್ಯಾಟನ್ನು ಅದರಿಂದ ಕಳೆಯಿರಿ. ಉಳಿದದ್ದು 200 ವ್ಯಾಟ್, ಹಿಡಿದದ್ದು 10 ಸೆಕೆಂಡು ಅಂದರೆ 2,000 ಜೂಲ್. ಗುಂಡಿಯ ಗಾತ್ರ 3.93 ಘನ ಸೆಂಟಿಮೀಟರ್. ಭಾಗಿಸಿದರೆ ಘನ ಸೆಂಟಿಮೀಟರಿಗೆ ಸುಮಾರು 509 ಜೂಲ್. ಒಂದು ಘನ ಸೆಂಟಿಮೀಟರಿಗೆ ಒಂದು ಜೂಲ್ ಅಂದರೆ ಒಂದು ಮೆಗಾಪಾಸ್ಕಲ್, ಹಾಗಾಗಿ ಇದನ್ನು ನೇರವಾಗಿ ಇಟ್ಟಿಗೆಯ ಬಲದ ಪಕ್ಕ ಇಟ್ಟು ನೋಡಬಹುದು. ನಿಮ್ಮ ಸಿವಿಲ್ ವಿಭಾಗದ ಮೆಷಿನ್‌ನಲ್ಲಿ ಇಟ್ಟಿಗೆ ಒಡೆಸಿದರೆ ಆ ಬಲ ಹತ್ತು ಮೆಗಾಪಾಸ್ಕಲ್ಲಿನ ಆಚೀಚೆ ಬರಬಹುದು. ಎಷ್ಟು ಶಕ್ತಿ ಪೋಲಾಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ.

ಆಮೇಲೆ 4 ಕಿಲೋ, 6 ಕಿಲೋ, 8 ಕಿಲೋ ಹಾಕಿ ಇದನ್ನೇ ಮಾಡಿ. ಪ್ರತಿ ತೂಕಕ್ಕೂ ಐದು ಗುಂಡಿ ಕೊರೆಯಿರಿ, ಒಂದನ್ನೇ ನಂಬಬೇಡಿ. ಗೆರೆ ಎಲ್ಲಿಯವರೆಗೆ ಇಳಿಯುತ್ತದೆ, ಎಲ್ಲಿಂದ ಮೇಲೇಳುತ್ತದೆ ನೋಡಿ. ಅದು ಮೇಲೆದ್ದ ಜಾಗದಲ್ಲಿ ಬಿಟ್ ಹೊರಗೆ ತೆಗೆದು, ಅದರ ಸುರುಳಿ ಸಂದಿಯಲ್ಲಿ ಪುಡಿ ತುಂಬಿಕೊಂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಕೊನೆಯ ಒಂದು ಇಟ್ಟಿಗೆಯನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಿಟ್ಟು, ಅದರ ಮೇಲೂ ಇದೇ ಸರಣಿ ಮಾಡಿ. ನೀರಿನ ಹತ್ತಿರ ವಿದ್ಯುತ್ ಕೆಲಸ, ಮೇಷ್ಟ್ರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಬೇಕು. ಒಣ ಇಟ್ಟಿಗೆಯ ಗೆರೆ, ಹಸಿ ಇಟ್ಟಿಗೆಯ ಗೆರೆ, ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ, ಕಚ್ಚಾ ಲೆಕ್ಕದ ಹಾಳೆಗಳ ಸಮೇತ ಪತ್ರಿಕೆಯ ವಿಳಾಸಕ್ಕೆ ಕಳಿಸಿ.